‘ಮೊದಲ ಸಿನಿಮಾ’ಕ್ಕೆ ಮೂರು ಉತ್ತರಗಳು ಬಂದಾಗ

ಪ್ರಶ್ನೆ: ನಾನು ಉಡುಪಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕ. ನಮ್ಮಲ್ಲಿ ನಡೆದ ರಸಪ್ರಶ್ನೆಯಲ್ಲಿ ‘ಜಗತ್ತಿನ ಮೊದಲ ಸಿನಿಮಾ ಯಾವುದು’ ಎಂದು ಕೇಳಿದೆವು. ಒಂದು ತಂಡ 1895ರ ಲೂಮಿಯೇರ್ ಸಹೋದರರ ಚಿತ್ರವೆಂದಿತು, ಇನ್ನೊಂದು ಎಡಿಸನ್ನನದೆಂದಿತು, ಮೂರನೆಯದು 1888ರಲ್ಲಿ ಇಂಗ್ಲೆಂಡಿನಲ್ಲಿ ತೆಗೆದ ಎರಡು ಸೆಕೆಂಡಿನ ಚಿತ್ರವೆಂದು ಪಟ್ಟು ಹಿಡಿಯಿತು. ಭಾರತದ ಮೊದಲ ಚಿತ್ರ, ಕನ್ನಡದ ಮೊದಲ ವಾಕ್ಚಿತ್ರ ಎಂಬಲ್ಲೂ ಇದೇ ಚರ್ಚೆಯಾಯಿತು. ಅಂಕ ಯಾರಿಗೆ ಸಲ್ಲಬೇಕಿತ್ತು? ಶಾಲೆಯಲ್ಲಿ ಸಿನಿಮಾ ಚರಿತ್ರೆಯ ಪ್ರದರ್ಶನ ಫಲಕಗಳನ್ನು ಮಾಡಬೇಕೆಂದಿದ್ದೇವೆ. ಅವುಗಳಲ್ಲಿ ಏನೆಂದು ಬರೆಯಬೇಕು? ಈ ಆರಂಭಕಾಲದ ಕಥೆಯಲ್ಲಿ ನಮ್ಮ ಕರಾವಳಿಗೆ ಜಾಗವಿದೆಯೇ?

ಉತ್ತರ: ಅಂಕದ ವಿಚಾರವನ್ನು ಮೊದಲೇ ಮುಗಿಸಿಬಿಡೋಣ. ಮೂರು ತಂಡಗಳಿಗೂ ಅಂಕ ಕೊಡಬೇಕಿತ್ತು. ತಪ್ಪಿರುವುದು ಮಕ್ಕಳ ಉತ್ತರದಲ್ಲಿ ಅಲ್ಲ, ಪ್ರಶ್ನೆಯನ್ನು ಕಟ್ಟಿದ ರೀತಿಯಲ್ಲಿ. ಚಲಿಸುವ ಚಿತ್ರವನ್ನು ಸೆರೆಹಿಡಿಯುವುದು ಒಂದು ಕೆಲಸ, ಅದನ್ನು ಒಬ್ಬರಿಗೆ ತೋರಿಸುವುದು ಇನ್ನೊಂದು, ಪರದೆಯ ಮೇಲೆ ಹಾಯಿಸಿ ಹತ್ತಾರು ಜನರಿಗೆ ಒಟ್ಟಿಗೆ ತೋರಿಸುವುದು ಮತ್ತೊಂದು, ಅದಕ್ಕೆ ಟಿಕೆಟ್ ಇಟ್ಟು ವ್ಯಾಪಾರ ಮಾಡುವುದು ಮಗದೊಂದು. ಈ ನಾಲ್ಕು ಕೆಲಸಗಳೂ ಒಬ್ಬರ ಕೈಯಲ್ಲಿ, ಒಂದೇ ದಿನ, ಒಂದೇ ಊರಿನಲ್ಲಿ ಆಗಲಿಲ್ಲ. ಆದುದರಿಂದ ನಿಮ್ಮ ಫಲಕಗಳಲ್ಲಿ ಯಾವ ಕೆಲಸದಲ್ಲಿ ಮೊದಲು ಎಂಬುದನ್ನು ಪ್ರತಿ ಸಲವೂ ಬರೆಯಬೇಕಾಗುತ್ತದೆ. ಈ ಒಂದು ಶಿಸ್ತನ್ನು ಪಾಲಿಸಿದರೆ ಅರ್ಧಕ್ಕಿಂತ ಹೆಚ್ಚಿನ ಜಗಳಗಳು ತಾನಾಗಿಯೇ ತಣ್ಣಗಾಗುತ್ತವೆ.

ಮೂರನೆಯ ತಂಡ ಹೇಳಿದ 1888ರ ಚಿತ್ರವನ್ನೇ ನೋಡಿ. ಫ್ರಾನ್ಸಿನಲ್ಲಿ ಹುಟ್ಟಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನೆಲೆಸಿದ್ದ ಲೂಯಿ ಲೆ ಪ್ರಿನ್ಸ್, ತನ್ನ ಅತ್ತೆಮಾವಂದಿರ ಮನೆಯ ತೋಟದಲ್ಲಿ ನಾಲ್ವರು ಓಡಾಡುವುದನ್ನು ಒಂದೇ ಮಸೂರದ ಕ್ಯಾಮರಾದಿಂದ, ಈಸ್ಟ್‌ಮನ್ ಕಂಪೆನಿಯ ಕಾಗದದ ಸುರುಳಿಯ ಮೇಲೆ ತೆಗೆದ. ಉಳಿದುಕೊಂಡಿರುವುದು ಇಪ್ಪತ್ತು ಚೌಕಟ್ಟುಗಳು, ಅಂದರೆ ಬಿಡಿ ಚಿತ್ರಗಳು, ಮಾತ್ರ. ಓಡಿಸಿದರೆ ಎರಡು ಸೆಕೆಂಡು. ಇದನ್ನು 1888ರ ಅಕ್ಟೋಬರ್ 14ರಂದು ತೆಗೆದದ್ದು ಎಂದು ಹೇಳಿದವನು ಆತನ ಮಗ. ಮನೆಯವರ ಮಾತನ್ನು ಮಾತ್ರ ನಂಬಿ ಚರಿತ್ರೆ ಬರೆಯಲಾಗದು ಎನ್ನುವವರಿಗೆ ಇಲ್ಲಿ ಒಂದು ಗಟ್ಟಿ ಆಧಾರ ಸಿಗುತ್ತದೆ. ಚಿತ್ರದಲ್ಲಿ ಕಾಣಿಸುವ ವೃದ್ಧೆ, ಲೆ ಪ್ರಿನ್ಸ್‌ನ ಅತ್ತೆ ಸಾರಾ ವಿಟ್ಲಿ, ಅದೇ ಅಕ್ಟೋಬರ್ 24ರಂದು ತೀರಿಕೊಂಡರು. ಎಂದಮೇಲೆ ಚಿತ್ರ ತೆಗೆದದ್ದು ಆ ದಿನಕ್ಕಿಂತ ಮುಂಚೆಯೇ ಆಗಿರಬೇಕು. ಆರಂಭಕಾಲದ ಸಿನಿಮಾದ ತಾರೀಕುಗಳನ್ನು ನಿಗದಿ ಮಾಡುವುದು ಹೆಚ್ಚಾಗಿ ಹೀಗೆಯೇ: ಚಿತ್ರದ ಒಳಗಿನ ಸಾಕ್ಷ್ಯವನ್ನು ಹೊರಗಿನ ದಾಖಲೆಗೆ ತಾಳೆ ನೋಡಿ.

ಲೆ ಪ್ರಿನ್ಸ್ ತನ್ನ ಚಿತ್ರಗಳನ್ನು ಸಾರ್ವಜನಿಕವಾಗಿ ತೋರಿಸುವ ಮೊದಲೇ, 1890ರ ಸೆಪ್ಟೆಂಬರಿನಲ್ಲಿ, ಡಿಜೋನ್‌ನಲ್ಲಿ ಪ್ಯಾರಿಸ್ಸಿನ ರೈಲು ಹತ್ತಿದವನು ಮತ್ತೆ ಪತ್ತೆಯಾಗಲಿಲ್ಲ. ಎಡಿಸನ್ ಅವನನ್ನು ಕೊಲ್ಲಿಸಿದ ಎಂಬ ಕಥೆ ಅಂತರಜಾಲದಲ್ಲಿ ಬಹಳ ಓಡುತ್ತದೆ. ಅದಕ್ಕೆ ಪುರಾವೆಯಿಲ್ಲ, ಫಲಕದಲ್ಲಿ ಅದನ್ನು ಸೇರಿಸಬೇಡಿ. ಉಳಿದಿರುವ ಚಲನಚಿತ್ರಗಳಲ್ಲಿ ಅತ್ಯಂತ ಹಳೆಯದು ಎಂದು ಬರೆದರೆ ಲೆ ಪ್ರಿನ್ಸ್‌ಗೆ ನ್ಯಾಯ ಸಲ್ಲುತ್ತದೆ. ಅದಕ್ಕೂ ಹಿಂದಕ್ಕೆ ಹೋಗುವುದಾದರೆ 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಸಾಲಾಗಿ ಕ್ಯಾಮರಾಗಳನ್ನಿಟ್ಟು ಓಡುವ ಕುದುರೆಯ ಹೆಜ್ಜೆಗಳನ್ನು ಹಿಡಿದದ್ದು, 1882ರಲ್ಲಿ ಫ್ರಾನ್ಸಿನ ಮಾರೆ ಬಂದೂಕಿನ ಆಕಾರದ ಕ್ಯಾಮರಾದಿಂದ ಸೆಕೆಂಡಿಗೆ 12 ಚಿತ್ರ ತೆಗೆದದ್ದು ಬರುತ್ತವೆ. ಅವರಿಬ್ಬರಿಗೂ ಬೇಕಾಗಿದ್ದುದು ಚಲನೆಯನ್ನು ಬಿಡಿಸಿ ನೋಡುವುದು. ಜನರಿಗೆ ಮನರಂಜನೆ ಒದಗಿಸುವುದು ಅವರ ಉದ್ದೇಶವೇ ಆಗಿರಲಿಲ್ಲ.

ಎಡಿಸನ್ನನ ಹೆಸರು ಹೇಳಿದ ತಂಡಕ್ಕೂ ಆಧಾರವಿದೆ, ಆದರೆ ಕೆಲಸದ ಬಹುಪಾಲು ಅವನ ಪ್ರಯೋಗಶಾಲೆಯಲ್ಲಿದ್ದ ಡಬ್ಲ್ಯೂ.ಕೆ.ಎಲ್. ಡಿಕ್ಸನ್‌ದು. ಇಂದಿಗೂ ನಾವು ಫಿಲ್ಮ್ ಎಂದಾಗ ಕಣ್ಣಮುಂದೆ ಬರುವ 35 ಮಿಲಿಮೀಟರ್ ಅಗಲದ, ಚೌಕಟ್ಟೊಂದಕ್ಕೆ ಬದಿಯಲ್ಲಿ ನಾಲ್ಕು ನಾಲ್ಕು ರಂಧ್ರಗಳಿರುವ ಪಟ್ಟಿ ರೂಪುಗೊಂಡದ್ದು ಅಲ್ಲಿ. ಅವರ ಕೈನೆಟೋಸ್ಕೋಪ್ ಯಂತ್ರವು ಸುಮಾರು ನಾಲ್ಕು ಅಡಿ ಎತ್ತರದ ಮರದ ಪೆಟ್ಟಿಗೆ. ಒಳಗೆ ಸುಮಾರು 50 ಅಡಿ ಫಿಲ್ಮಿನ ಎರಡು ತುದಿಗಳನ್ನು ಜೋಡಿಸಿ ಉರುಳೆಗಳ ಮೇಲೆ ಹಾಯಿಸಿರುತ್ತಿದ್ದರು. ವಿದ್ಯುತ್ ಮೋಟಾರು ಅದನ್ನು ತಿರುಗಿಸುತ್ತಿತ್ತು. ನೋಡುವವನು ಬಗ್ಗಿ ಮೇಲಿನ ಕಿಂಡಿಗೆ ಕಣ್ಣಿಡಬೇಕಿತ್ತು. 1894ರ ಏಪ್ರಿಲ್ 14ರಂದು ನ್ಯೂಯಾರ್ಕಿನಲ್ಲಿ ಇಂಥ ಹತ್ತು ಪೆಟ್ಟಿಗೆಗಳನ್ನಿಟ್ಟ ಅಂಗಡಿ ತೆರೆಯಿತು. 25 ಸೆಂಟ್ ಕೊಟ್ಟರೆ ಐದು ಪೆಟ್ಟಿಗೆಗಳ ಒಂದು ಸಾಲು ನೋಡಬಹುದು. ಹಣ ತೆತ್ತು ಚಲನಚಿತ್ರ ನೋಡುವ ವ್ಯಾಪಾರ ಇಲ್ಲಿಂದ ಶುರುವಾಯಿತು ಎನ್ನಲು ಅಡ್ಡಿಯಿಲ್ಲ. ಆದರೆ ಒಂದು ಪೆಟ್ಟಿಗೆಗೆ ಒಬ್ಬನೇ ಪ್ರೇಕ್ಷಕ. ಪಕ್ಕದವನ ಜೊತೆಗೂಡಿ ನಗುವಂತಿರಲಿಲ್ಲ, ಏಕೆಂದರೆ ಪಕ್ಕದವನು ನೋಡುತ್ತಿದ್ದುದು ಬೇರೆಯೇ ಚಿತ್ರ.

ಪರದೆಯ ಮೇಲೆ ತೋರಿಸುವುದರಲ್ಲಿಯೂ ಲೂಮಿಯೇರ್ ಸಹೋದರರು ಮೊದಲಿಗರಲ್ಲ. ಎಮಿಲ್ ರೆನೋ 1892ರ ಅಕ್ಟೋಬರ್ 28ರಂದೇ ಪ್ಯಾರಿಸ್ಸಿನ ಗ್ರೆವಾಂ ಸಂಗ್ರಹಾಲಯದಲ್ಲಿ ಕೈಯಿಂದ ಬರೆದ ಚಿತ್ರಗಳ ಪಟ್ಟಿಯನ್ನು ಪರದೆಗೆ ಹಾಯಿಸಿ ಪುಟ್ಟ ಕಥೆಗಳನ್ನು ತೋರಿಸಿದ್ದ. ಅವು ಛಾಯಾಚಿತ್ರಗಳಲ್ಲ, ಆದುದರಿಂದ ಆ ದಿನ ಅನಿಮೇಷನ್ನಿನ ಪಾಲಿಗೆ ಸಲ್ಲುತ್ತದೆ. 1895ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಲೇಥಮ್ ಕುಟುಂಬದವರು, ನವೆಂಬರ್ 1ರಂದು ಬರ್ಲಿನ್ನಿನ ವಿಂಟರ್‌ಗಾರ್ಟನ್ ರಂಗಮಂದಿರದಲ್ಲಿ ಸ್ಕ್ಲಾಡನೋವ್‌ಸ್ಕಿ ಸಹೋದರರು ಟಿಕೆಟ್ ಇಟ್ಟು ಚಲನಚಿತ್ರ ತೋರಿಸಿಯಾಗಿತ್ತು. ಲೂಮಿಯೇರರೇ ಆ ವರ್ಷದ ಮಾರ್ಚ್ 22ರಂದು ಪ್ಯಾರಿಸ್ಸಿನಲ್ಲಿ ವಿದ್ವಾಂಸರ ಸಭೆಯೊಂದರ ಮುಂದೆ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ ಚಿತ್ರ ತೋರಿಸಿದ್ದರು. ಹಾಗಿದ್ದೂ 1895ರ ಡಿಸೆಂಬರ್ 28, ಗ್ರ್ಯಾಂಡ್ ಕೆಫೆಯ ನೆಲಮಾಳಿಗೆ, ಒಂದು ಫ್ರಾಂಕ್ ಪ್ರವೇಶದರ, ಹತ್ತು ಚಿತ್ರಗಳು, ಹಣ ಕೊಟ್ಟು ಬಂದ 33 ಮಂದಿ: ಈ ಸಂಜೆಯನ್ನೇ ಜಗತ್ತು ಸಿನಿಮಾದ ಹುಟ್ಟುದಿನವೆಂದು ಒಪ್ಪಿಕೊಂಡಿದೆ. ಏಕೆ?

ನನ್ನ ದೃಷ್ಟಿಯಲ್ಲಿ ಕಾರಣ ಆ ಸಂಜೆಯಲ್ಲಿ ಇಲ್ಲ, ಯಂತ್ರದಲ್ಲಿದೆ. ಸಿನೆಮಾಟೋಗ್ರಾಫ್ ಎಂಬ ಆ ಪುಟ್ಟ ಮರದ ಪೆಟ್ಟಿಗೆಯ ತೂಕ ಸುಮಾರು ಐದು ಕಿಲೋ. ಚಿತ್ರ ತೆಗೆಯುವುದಕ್ಕೂ ಪ್ರತಿ ಮುದ್ರಿಸುವುದಕ್ಕೂ ಹಿಂದೆ ದೀಪವಿಟ್ಟು ಪರದೆಗೆ ಹಾಯಿಸುವುದಕ್ಕೂ ಅದೊಂದೇ ಸಾಕು. ಕೈಯಿಂದ ತಿರುಗಿಸುವ ಹಿಡಿ ಇದ್ದುದರಿಂದ ವಿದ್ಯುತ್ ಮೋಟಾರಿನ ಹಂಗಿರಲಿಲ್ಲ. ಒಳಗೆ ನಡೆಯುವುದನ್ನು ಮಕ್ಕಳಿಗೆ ವಿವರಿಸುವಾಗ ಹೊಲಿಗೆಯಂತ್ರವನ್ನು ತೋರಿಸಿ. ಲೂಯಿ ಲೂಮಿಯೇರನಿಗೆ ಹೊಳಹು ಸಿಕ್ಕಿದ್ದೂ ಅಲ್ಲಿಂದಲೇ. ಹೊಲಿಗೆಯಂತ್ರದಲ್ಲಿ ಸೂಜಿ ಮೇಲಿರುವಾಗ ಬಟ್ಟೆ ಒಂದು ಹೊಲಿಗೆಯಷ್ಟು ಮುಂದೆ ಸರಿದು ಮತ್ತೆ ನಿಲ್ಲುವ ಹಾಗೆ, ಇಲ್ಲಿ ಎರಡು ಮೊಳೆಗಳು ಫಿಲ್ಮಿನ ರಂಧ್ರಗಳಿಗೆ ಹೊಕ್ಕು ಅದನ್ನು ಒಂದು ಚೌಕಟ್ಟಿನಷ್ಟು ಕೆಳಗೆಳೆದು ಹಿಂದೆ ಸರಿಯುತ್ತವೆ. ಎಳೆಯುವ ಹೊತ್ತಿನಲ್ಲಿ ತಿರುಗುವ ತಟ್ಟೆಯೊಂದು ಬೆಳಕನ್ನು ಮುಚ್ಚಿರುತ್ತದೆ. ಫಿಲ್ಮು ನಿಶ್ಚಲವಾಗಿ ನಿಂತಾಗ ಮಾತ್ರ ಬೆಳಕು ಹಾಯುತ್ತದೆ. ಸೆಕೆಂಡಿಗೆ ಸುಮಾರು 16 ಸಲ ಇದು ನಡೆಯುತ್ತದೆ. ಸುಮಾರು 17 ಮೀಟರಿನ ಸುರುಳಿ ಮುಗಿಯಲು 50 ಸೆಕೆಂಡು ಬೇಕು. ಯಂತ್ರ ಇಷ್ಟು ಹಗುರವಾಗಿದ್ದುದರಿಂದಲೇ ಅದನ್ನು ಹೊತ್ತ ಲೂಮಿಯೇರರ ಪ್ರತಿನಿಧಿ ಮಾರಿಯಸ್ ಸೆಸ್ತಿಯೇ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಮುಂಬಯಿಯಲ್ಲಿ ಇಳಿದು, 1896ರ ಜುಲೈ 7ರಂದು ವಾಟ್ಸನ್ ಹೋಟೆಲಿನಲ್ಲಿ ಆರು ಚಿತ್ರಗಳನ್ನು ತೋರಿಸಲು ಸಾಧ್ಯವಾಯಿತು. ಪ್ಯಾರಿಸ್ಸಿನ ಸಂಜೆಗೂ ಮುಂಬಯಿಯ ಸಂಜೆಗೂ ನಡುವೆ ಆರು ತಿಂಗಳು ಒಂಬತ್ತು ದಿನಗಳ ಅಂತರ ಮಾತ್ರ. ಬರ್ಲಿನ್ನಿನ ಸಹೋದರರ ಯಂತ್ರ ಎರಡು ಫಿಲ್ಮು ಪಟ್ಟಿಗಳ ಚೌಕಟ್ಟುಗಳನ್ನು ಒಂದು ಇದರದು, ಒಂದು ಅದರದು ಎಂಬಂತೆ ಸರದಿಯಲ್ಲಿ ತೋರಿಸುವ ತೊಡಕಿನ ವ್ಯವಸ್ಥೆಯಾಗಿದ್ದು, ಹೀಗೆ ಲೋಕಸಂಚಾರಕ್ಕೆ ಒದಗಲಿಲ್ಲ.

ಇಲ್ಲೊಂದು ಮಾತು ಸೇರಿಸಬೇಕು. ಡಿಸೆಂಬರ್ 28ರಂದು ರೈಲುಬಂಡಿ ಪರದೆಯಿಂದ ನುಗ್ಗಿ ಬಂದಂತಾಗಿ ಪ್ರೇಕ್ಷಕರು ಎದ್ದು ಓಡಿದರು ಎಂಬ ಪ್ರಸಂಗವನ್ನು ಮಕ್ಕಳ ಪುಸ್ತಕಗಳೂ ಬಿಡುವುದಿಲ್ಲ. ಆ ದಿನದ ಹತ್ತು ಚಿತ್ರಗಳ ಪಟ್ಟಿಯಲ್ಲಿ ರೈಲಿನ ಚಿತ್ರ ಇರಲೇ ಇಲ್ಲ. ಅದನ್ನು ತೋರಿಸಿದ್ದು ಮುಂದಿನ ವರ್ಷ. ಓಡಿದ್ದಕ್ಕೆ ಸಮಕಾಲೀನ ದಾಖಲೆಯೂ ಸಿಗುವುದಿಲ್ಲ. ಸೊಗಸಾದ ಕಥೆ, ಬಿಡಿ.

ಇನ್ನು ಭಾರತಕ್ಕೆ ಬರೋಣ. ಇಲ್ಲಿಯವರೇ ಕ್ಯಾಮರಾ ಹಿಡಿದದ್ದಕ್ಕೆ ನಿಮಗೆ 1899 ಸಿಗುತ್ತದೆ. ‘ಸಾವೇದಾದಾ’ ಎಂದೇ ಹೆಸರಾದ ಹರಿಶ್ಚಂದ್ರ ಸಖಾರಾಮ್ ಭಾಟವಡೇಕರ್ ಮುಂಬಯಿಯ ಹ್ಯಾಂಗಿಂಗ್ ಗಾರ್ಡನ್ಸ್‌ನಲ್ಲಿ ಕುಸ್ತಿಯ ಪಂದ್ಯವೊಂದನ್ನು ಚಿತ್ರಿಸಿದರು. ಕಲ್ಕತ್ತೆಯಲ್ಲಿ ಹೀರಾಲಾಲ್ ಸೇನ್ ಕೂಡ ಅದೇ ಕಾಲದಲ್ಲಿ ತೊಡಗಿದ್ದವರು, ಆದರೆ 1917ರ ಬೆಂಕಿಯಲ್ಲಿ ಅವರ ಚಿತ್ರಗಳೆಲ್ಲ ಸುಟ್ಟುಹೋದವು. ಆ ಕಾಲದ ನೈಟ್ರೇಟ್ ಫಿಲ್ಮಿಗೆ ಬೆಂಕಿ ತಗಲಿತೆಂದರೆ ನಂದಿಸುವುದು ಕಷ್ಟ. ಯಾರ ಹೆಸರು ಪುಸ್ತಕಕ್ಕೆ ಬಂತು, ಯಾರದು ಬರಲಿಲ್ಲ ಎಂಬುದನ್ನು ಪ್ರತಿಭೆಯಷ್ಟೇ ಈ ರಸಾಯನವೂ ನಿರ್ಧರಿಸಿದೆ.

ಭಾರತದ ಮೊದಲ ಕಥಾಚಿತ್ರ ‘ಪುಂಡಲೀಕ’ವೋ ‘ರಾಜಾ ಹರಿಶ್ಚಂದ್ರ’ವೋ ಎಂಬ ವಾದ ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ದಾದಾಸಾಹೇಬ್ ತೋರ್ಣೆಯವರ ‘ಶ್ರೀ ಪುಂಡಲೀಕ’ 1912ರ ಮೇ 18ರಂದು ಮುಂಬಯಿಯ ಗಿರಗಾಂವ್‌ನ ಕಾರೋನೇಷನ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಅದೇ ಚಿತ್ರಮಂದಿರಕ್ಕೆ ಬಂದದ್ದು 1913ರ ಮೇ 3ರಂದು. ವರ್ಷ ಮಾತ್ರ ನೋಡಿದರೆ ತೋರ್ಣೆಯವರು ಮುಂದಿದ್ದಾರೆ. ಅವರನ್ನು ಬದಿಗೆ ಸರಿಸುವವರು ಸಾಮಾನ್ಯವಾಗಿ ಕೊಡುವ ಕಾರಣಗಳು ಮೂರು: ಅದು ರಂಗದ ಮೇಲಿನ ನಾಟಕವನ್ನು ಕ್ಯಾಮರಾ ಒಂದೇ ಕಡೆ ಇಟ್ಟು ಹಿಡಿದದ್ದು, ಕ್ಯಾಮರಾ ಹಿಡಿದವನು ಬ್ರಿಟಿಷ್, ಫಿಲ್ಮನ್ನು ಸಂಸ್ಕರಿಸಿದ್ದು ಲಂಡನ್ನಿನಲ್ಲಿ. ಮೊದಲನೆಯ ಕಾರಣ ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಕ್ಯಾಮರಾವನ್ನು ಕದಲಿಸದೆ ಇಟ್ಟದ್ದೇ ದೋಷವೆಂದಾದರೆ ಲೂಮಿಯೇರರ ಬಹುಪಾಲು ಚಿತ್ರಗಳನ್ನೂ ಹೊರಗಿಡಬೇಕಾಗುತ್ತದೆ. ಫಾಲ್ಕೆಯವರ ಪಾಲಿಗೆ ಗಟ್ಟಿಯಾಗಿ ನಿಲ್ಲುವ ವಾದ ಬೇರೆ. 1912ರಲ್ಲಿ ಲಂಡನ್ನಿಗೆ ಹೋಗಿ ಕೆಲಸ ಕಲಿತು ವಿಲಿಯಮ್ಸನ್ ಕ್ಯಾಮರಾ ತಂದು, ಕಥೆಯನ್ನು ಕ್ಯಾಮರಾಕ್ಕಾಗಿಯೇ ದೃಶ್ಯಗಳಾಗಿ ಒಡೆದು, ಚಿತ್ರೀಕರಣದಿಂದ ಸಂಸ್ಕರಣದವರೆಗಿನ ಸಮಸ್ತವನ್ನೂ ದಾದರಿನ ತಮ್ಮ ಮನೆಯ ಸುತ್ತಮುತ್ತಲೇ ಮಾಡಿ ಮುಗಿಸಿದ್ದು, ಆಮೇಲೆ ಅದನ್ನೇ ಬದುಕಿನ ಉದ್ಯೋಗವಾಗಿ ಮುಂದುವರಿಸಿದ್ದು ಅವರ ಹೆಚ್ಚುಗಾರಿಕೆ. ‘ಭಾರತದಲ್ಲಿ ಭಾರತೀಯರೇ ಪೂರ್ತಿಯಾಗಿ ತಯಾರಿಸಿದ ಮೊದಲ ಕಥಾಚಿತ್ರ’ ಎಂದು ಬರೆಯಿರಿ. ಕೆಳಗೆ ‘ಪುಂಡಲೀಕ’ಕ್ಕೂ ಒಂದು ಸಾಲು ಮೀಸಲಿಡಿ.

ಅದೇ ಫಲಕದಲ್ಲಿ ಇನ್ನೆರಡು ಗೊಂದಲಗಳು ಎದುರಾಗುತ್ತವೆ. ‘ರಾಜಾ ಹರಿಶ್ಚಂದ್ರ’ಕ್ಕೆ ಕೆಲವು ಕಡೆ ಏಪ್ರಿಲ್ 21 ಎಂದಿರುತ್ತದೆ, ಕೆಲವು ಕಡೆ ಮೇ 3. ಮೊದಲನೆಯದು ಒಲಿಂಪಿಯಾ ಚಿತ್ರಮಂದಿರದಲ್ಲಿ ಆಹ್ವಾನಿತರಿಗೆ ತೋರಿಸಿದ ದಿನ, ಎರಡನೆಯದು ಸಾರ್ವಜನಿಕರಿಗೆ ಬಿಡುಗಡೆಯಾದ ದಿನ. ಅವಧಿಯೂ ಹಾಗೆಯೇ: 40 ನಿಮಿಷವೆನ್ನುವವರೂ ಒಂದು ಗಂಟೆ ಎನ್ನುವವರೂ ಇದ್ದಾರೆ. ಚಿತ್ರದ ಉದ್ದ ಸುಮಾರು 3,700 ಅಡಿ. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿರುತ್ತವೆ. ಮೂಕಿ ಕಾಲದ ವಾಡಿಕೆಯಂತೆ ಸೆಕೆಂಡಿಗೆ 16 ಚೌಕಟ್ಟುಗಳ ವೇಗದಲ್ಲಿ ಓಡಿಸಿದರೆ ಸೆಕೆಂಡಿಗೆ ಒಂದು ಅಡಿ. ಅಂದರೆ 3,700 ಸೆಕೆಂಡು, ಒಂದು ಗಂಟೆಗಿಂತ ಎರಡು ನಿಮಿಷ ಹೆಚ್ಚು. ವಾಕ್ಚಿತ್ರ ಬಂದ ಮೇಲೆ ನೆಲೆಗೊಂಡ 24ರ ವೇಗದಲ್ಲಿ ಓಡಿಸಿದರೆ ಅದೇ ಚಿತ್ರ 41 ನಿಮಿಷಕ್ಕೆ ಮುಗಿಯುತ್ತದೆ. ಹಳೆಯ ಚಿತ್ರಗಳಲ್ಲಿ ಜನ ಗಡಿಬಿಡಿಯಿಂದ ಕುಣಿಕುಣಿದು ನಡೆಯುವಂತೆ ಕಾಣುವುದೂ ಈ ವೇಗದ ವ್ಯತ್ಯಾಸದಿಂದಲೇ. ಗಣಿತದ ಅಧ್ಯಾಪಕರ ಜೊತೆ ಸೇರಿ ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ ಫಲಕಕ್ಕೆ ಹಾಕಬಹುದು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಇಂದು ಉಳಿದಿರುವುದು ಮೊದಲ ಮತ್ತು ಕೊನೆಯ ಸುರುಳಿಗಳು ಮಾತ್ರ. ಅವೂ ಫಾಲ್ಕೆಯವರೇ 1917ರಲ್ಲಿ ಮತ್ತೆ ತಯಾರಿಸಿದ ಚಿತ್ರದವು ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ಪೂರ್ಣಪ್ರಮಾಣದ ಕಥಾಚಿತ್ರದಲ್ಲಿ ಭಾರತವೇ ಜಗತ್ತಿಗೆ ಮೊದಲು ಎಂದು ಯಾರಾದರೂ ಉತ್ಸಾಹದಿಂದ ಬರೆಯಹೊರಟರೆ ತಡೆಯಿರಿ. ಆಸ್ಟ್ರೇಲಿಯಾದ ಕೆಲ್ಲಿ ಎಂಬ ಡಕಾಯಿತನ ತಂಡದ ಕುರಿತಾದ, ಒಂದು ಗಂಟೆಗೂ ಮೀರಿದ ಚಿತ್ರ 1906ರ ಡಿಸೆಂಬರ್ 26ರಂದೇ ಮೆಲ್ಬರ್ನಿನಲ್ಲಿ ತೆರೆಕಂಡಿತ್ತು.

ವಾಕ್ಚಿತ್ರಗಳ ವಿಷಯವನ್ನು ಬೇಗ ಹೇಳಿಬಿಡುತ್ತೇನೆ. 1927ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ಬಿಡುಗಡೆಯಾದ ‘ದ ಜಾಝ್ ಸಿಂಗರ್’ ಮೊದಲ ವಾಕ್ಚಿತ್ರವೆಂದು ಪ್ರಸಿದ್ಧಿ ಪಡೆದಿದ್ದರೂ ಅದರಲ್ಲಿ ತುಟಿಗೆ ಹೊಂದಿಕೊಂಡ ಮಾತು ಇರುವುದು ಎರಡು ನಿಮಿಷದಷ್ಟು. ಉಳಿದದ್ದು ಹಾಡು ಮತ್ತು ಬರಹದ ಫಲಕಗಳು. ಆದಿಯಿಂದ ಅಂತ್ಯದವರೆಗೆ ಮಾತಿರುವ ಕಥಾಚಿತ್ರ ಬಂದದ್ದು 1928ರಲ್ಲಿ. ಭಾರತದಲ್ಲಿ ಅರ್ದೇಶಿರ್ ಇರಾನಿಯವರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್‌ನಲ್ಲಿ ತೆರೆಕಂಡಿತು. ಸ್ಟುಡಿಯೋದ ಪಕ್ಕದಲ್ಲೇ ರೈಲುಹಳಿ ಇದ್ದುದರಿಂದ ಸದ್ದಡಗಿದ ರಾತ್ರಿಯ ಹೊತ್ತಿನಲ್ಲಿ ಚಿತ್ರೀಕರಣ ಮಾಡಬೇಕಾಯಿತು. ಏಳು ಹಾಡುಗಳ ಆ ಚಿತ್ರದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ತೆಲುಗಿನ ‘ಭಕ್ತ ಪ್ರಹ್ಲಾದ’ ಬಹುಕಾಲ 1931ರ ಸೆಪ್ಟೆಂಬರಿನದೆಂದು ದಾಖಲಾಗಿತ್ತು. ಸೆನ್ಸಾರ್ ಪ್ರಮಾಣಪತ್ರ ಹುಡುಕಿ ನೋಡಿದಾಗ ಅದು 1932ರ ಫೆಬ್ರವರಿಗೆ ಸರಿಯಿತು. ಮುದ್ರಿತ ಪುಸ್ತಕದಲ್ಲಿದೆ ಎಂಬುದೊಂದೇ ಕಾರಣಕ್ಕೆ ತಾರೀಕನ್ನು ನಂಬಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕನ್ನಡದ ಜಗಳ ಬಿಡಿಸುವುದು ಸುಲಭ. ಮೊದಲು ಚಿತ್ರೀಕರಣಗೊಂಡದ್ದು ‘ಭಕ್ತ ಧ್ರುವ’, ಮೊದಲು ತೆರೆಕಂಡದ್ದು ‘ಸತಿ ಸುಲೋಚನ’. ವೈ.ವಿ. ರಾವ್ ನಿರ್ದೇಶನದ, ಚಮನ್‌ಲಾಲ್ ಡೂಂಗಾಜಿ ಬಂಡವಾಳ ಹೂಡಿದ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಮೌಂಟ್ ಚಿತ್ರಮಂದಿರಕ್ಕೆ ಬಂದಿತು. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಸಂಭಾಷಣೆ, ಹಾಡುಗಳು ಬೆಳ್ಳಾವೆ ನರಹರಿ ಶಾಸ್ತ್ರಿಗಳವು. ಯಕ್ಷಗಾನದ ಇಂದ್ರಜಿತು ಕಾಳಗ ಕಂಡ ನಮ್ಮ ಮಕ್ಕಳಿಗೆ ಈ ಪಾತ್ರಗಳ ಪರಿಚಯ ಬೇರೆ ಮಾಡಿಸಬೇಕಾಗಿಲ್ಲ. ಹಿಂದಿಗಿಂತ ಮೂರು ವರ್ಷ, ತಮಿಳು ತೆಲುಗುಗಳಿಗಿಂತ ಎರಡು ವರ್ಷಕ್ಕೂ ಹೆಚ್ಚು ತಡವಾದದ್ದೇಕೆ ಎಂದು ಮಕ್ಕಳು ಕೇಳಿದರೆ, ಆಗಿನ ಭೂಪಟ ತೋರಿಸಿ. ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಪ್ರಾಂತಗಳು, ಹೈದರಾಬಾದ್ ಸಂಸ್ಥಾನ ಎಂದು ಹರಿದು ಹಂಚಿಹೋಗಿದ್ದರು. ಮಂಗಳೂರು, ಉಡುಪಿಗಳು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಒಂದೇ ಮಾರುಕಟ್ಟೆಯೂ ಇರಲಿಲ್ಲ, ಸಲಕರಣೆಯುಳ್ಳ ಸ್ಟುಡಿಯೋವೂ ಇರಲಿಲ್ಲ. ‘ಸತಿ ಸುಲೋಚನ’ದ ಚಿತ್ರೀಕರಣಕ್ಕೆ ತಂಡವೆಲ್ಲ ಕೊಲ್ಹಾಪುರಕ್ಕೆ ಹೋಗಬೇಕಾಯಿತು.

ನಿಮ್ಮ ಕೊನೆಯ ಪ್ರಶ್ನೆಗೆ, ಅಂದರೆ ಕರಾವಳಿಯ ಪಾಲಿಗೆ, ಒಂದು ಪ್ರತ್ಯೇಕ ಫಲಕವನ್ನೇ ಮೀಸಲಿಡುವಷ್ಟು ಸಾಮಗ್ರಿಯಿದೆ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ ಮೋಹನ್ ಭಾವನಾನಿ ನಿರ್ದೇಶಿಸಿದ ಮೂಕಿಚಿತ್ರದಲ್ಲಿ, 1931ರ ಆಸುಪಾಸಿನಲ್ಲಿ, ನಟಿಸಿದರು. ಇದರ ತೂಕ ತಿಳಿಯಬೇಕಾದರೆ ಫಾಲ್ಕೆಯವರ ಕಾಲಕ್ಕೆ ಹೋಗಬೇಕು. 1913ರಲ್ಲಿ ಹರಿಶ್ಚಂದ್ರನ ಹೆಂಡತಿ ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಸಿಗದೆ ಅಣ್ಣಾ ಸಾಳುಂಕೆ ಎಂಬ ಯುವಕನಿಗೆ ಸೀರೆ ಉಡಿಸಬೇಕಾಗಿ ಬಂದಿತ್ತು. ಕೆಲವರು ಕಮಲಾದೇವಿಯವರ ಚಿತ್ರವನ್ನು ಕನ್ನಡದ ಮೊದಲ ಮೂಕಿಚಿತ್ರ ಎಂದು ಬರೆಯುತ್ತಾರೆ. ಮಾತೇ ಇಲ್ಲದ ಚಿತ್ರವನ್ನು ಒಂದು ಭಾಷೆಗೆ ಬರೆದುಕೊಡುವುದು ನನಗೆ ಸರಿಕಾಣುವುದಿಲ್ಲ. ಮೂಕಿಚಿತ್ರಕ್ಕೆ ಇರುತ್ತಿದ್ದುದು ನಡುನಡುವಿನ ಬರಹದ ಫಲಕಗಳು, ಅವುಗಳನ್ನು ಊರಿಗೆ ತಕ್ಕಂತೆ ಬದಲಿಸಬಹುದಿತ್ತು. ಕಮಲಾದೇವಿಯವರು ನಟಿಸಿದ ಮೂಕಿಚಿತ್ರ ಎಂದಷ್ಟೇ ಬರೆದರೂ ಅವರ ಗೌರವಕ್ಕೇನೂ ಕುಂದಿಲ್ಲ.

ಕೋಟದ ಶಿವರಾಮ ಕಾರಂತರು ಈ ಸಾಲಿನಲ್ಲಿ ಬರುತ್ತಾರೆಂಬುದು ಅವರ ಕಾದಂಬರಿಗಳನ್ನು ಓದಿಕೊಂಡವರಲ್ಲಿಯೂ ಅನೇಕರಿಗೆ ತಿಳಿದಿಲ್ಲ. 1930ರ ‘ಡೊಮಿಂಗೊ’, 1931ರ ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳನ್ನು ಅವರು ತಯಾರಿಸಿದರು. ಕನ್ನಡಕ್ಕೆ ವಾಕ್ಚಿತ್ರ ಬರುವ ಮೊದಲೇ, ಸ್ಟುಡಿಯೋಗಳಿಂದ ದೂರದ ಈ ಜಿಲ್ಲೆಯಲ್ಲಿ ಒಬ್ಬ ಲೇಖಕ ಚಲನಚಿತ್ರಕ್ಕೆ ಕೈಹಾಕಿದ್ದು ಸಣ್ಣ ಸಂಗತಿಯಲ್ಲ. ನಿಮ್ಮ ಫಲಕದ ಮಧ್ಯದ ಜಾಗ ಇದಕ್ಕೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಇಲ್ಲಿನ ಮನೆಮಾತುಗಳ ಮೊದಲ ಚಿತ್ರಗಳು ಬಹಳ ತಡವಾಗಿ ಬಂದವು. ಕೊಂಕಣಿಯ ಮೊದಲ ಚಿತ್ರ ‘ಮೊಗಾಚೊ ಆಂವ್ಡೊ’ 1950ರ ಏಪ್ರಿಲ್ 24ರಂದು ಗೋವೆಯಲ್ಲಿ ತೆರೆಕಂಡಿತು, ನಿರ್ಮಾಪಕ ಜೆರ್ರಿ ಬ್ರಗಾಂಜಾ. ತುಳುವಿಗೆ 1971ರವರೆಗೆ ಕಾಯಬೇಕಾಯಿತು, ಎಸ್.ಆರ್. ರಾಜನ್ ಅವರ ‘ಎನ್ನ ತಂಗಡಿ’ ಆ ವರ್ಷ ಬಂದದ್ದು. ‘ಎನ್ನ ತಂಗಡಿ’ಯ ವಿಷಯದಲ್ಲಿ ನಿಮ್ಮ ವಿದ್ಯಾರ್ಥಿಗಳು ಪುಸ್ತಕದಿಂದ ನಕಲು ಮಾಡುವ ಬದಲು ತಾವೇ ದಾಖಲೆ ಹುಡುಕಬಹುದು. ಮಣಿಪಾಲದಲ್ಲಿ ‘ಉದಯವಾಣಿ’ ಆರಂಭವಾದದ್ದು 1970ರಲ್ಲಿ. ಆದುದರಿಂದ 1971ರ ಹಳೆಯ ಸಂಚಿಕೆಗಳ ಸಿನಿಮಾ ಜಾಹೀರಾತುಗಳಿಂದ ಶುರುಮಾಡಿ. ಜಾಹೀರಾತು ಸಿಕ್ಕರೆ ಸಂಚಿಕೆಯ ದಿನಾಂಕ, ಚಿತ್ರಮಂದಿರದ ಹೆಸರು, ಆಟದ ಹೊತ್ತು ಮೂರನ್ನೂ ಬರೆದುಕೊಳ್ಳಲು ಹೇಳಿ. ಪುಟದ ಮೇಲ್ಭಾಗದಲ್ಲಿರುವ ದಿನಾಂಕವೂ ಸೇರಿಬರುವಂತೆ ಛಾಯಾಚಿತ್ರ ತೆಗೆದು, ಅದನ್ನೇ ಫಲಕಕ್ಕೆ ಅಂಟಿಸಿ.